ಗ್ಲೈಡರಿನ ಬಿಗಿದ ಕೀಲುಗಳು

ಯಂತ್ರಬಲವಿಲ್ಲದೆ ಗಾಳಿಯೊಂದನ್ನೇ ನೆಚ್ಚಿ ಹಾರುವ ವಿಮಾನಕ್ಕೆ ಗ್ಲೈಡರ್ ಎಂದು ಹೆಸರು. ವಿಂಚಿನ ಹಗ್ಗವಾಗಲಿ ಎಂಜಿನ್ನುಳ್ಳ ಮತ್ತೊಂದು ವಿಮಾನವಾಗಲಿ ಅದನ್ನು ಎಳೆದು ಮೇಲಕ್ಕೆ ಮುಟ್ಟಿಸಿ ಬಿಟ್ಟ ಬಳಿಕ ಅದು ಕೆಳಮುಖವಾಗಿ ಜಾರುತ್ತಲೇ ಇರುತ್ತದೆ. ಬಿಸಿಲಿಗೆ ಕಾದ ನೆಲದಿಂದೇಳುವ ಬೆಚ್ಚನೆಯ ಗಾಳಿಯ ಸ್ತಂಭವನ್ನು ಅರಸಿ, ಅದರೊಳಗೆ ಸುತ್ತು ಹಾಕುತ್ತ, ತಾನು ಜಾರುವುದಕ್ಕಿಂತ ಹೆಚ್ಚಿನ ವೇಗದಿಂದ ಏರುವ ಆ ಗಾಳಿಯ ಆಶ್ರಯವನ್ನು ಪಡೆದಾಗ ಅದರ ಹಾರಾಟ ದೀರ್ಘವಾಗುತ್ತದೆ. ಇಳಿಯುವಾಗ ಅಂದಾಜು ತಪ್ಪಿದರೆ ಎಂಜಿನ್ನಿನ ಬಲದಿಂದ ಮತ್ತೆ ಮೇಲೆದ್ದು ಇನ್ನೊಮ್ಮೆ ಪ್ರಯತ್ನಿಸುವ ಅವಕಾಶ ಅದಕ್ಕಿಲ್ಲ. ಆದಕಾರಣ ಅದನ್ನು ನಡೆಸುವವನ ಅಧಿಕಾರವೆಲ್ಲವೂ ಅಡಗಿರುವುದು ರೆಕ್ಕೆಯ ತುದಿಗಳಲ್ಲಿಯೂ ಬಾಲದಲ್ಲಿಯೂ ಕೀಲುಗಳ ಮೇಲೆ ಆಡತಕ್ಕ ಕೆಲವೇ ಫಲಕಗಳಲ್ಲಿ. ರೆಕ್ಕೆಯ ಹಿಂಬದಿಯ ಅಂಚಿನಲ್ಲಿರುವ ಏಲರಾನ್ ವಿಮಾನವನ್ನು ಎಡಬಲಗಳಿಗೆ ಓಲಿಸುತ್ತದೆ. ಬಾಲದ ಅಡ್ಡಫಲಕವಾದ ಎಲಿವೇಟರ್ ಮೂತಿಯನ್ನು ಏರಿಳಿಸುತ್ತದೆ. ನೆಟ್ಟನೆ ನಿಂತ ರಡ್ಡರ್ ಅದನ್ನು ಪಕ್ಕಕ್ಕೆ ತಿರುಗಿಸುತ್ತದೆ. ಈ ಮೂರೂ ನಡೆಸುವವನ ಮಾತನ್ನು ಕೇಳುವಷ್ಟು ಕಾಲ ಗ್ಲೈಡರು ವಿಮಾನ. ಕೇಳದಿದ್ದ ಕ್ಷಣ ಅದು ಬೀಳುವ ವಸ್ತು.

ಈ ಸತ್ಯಕ್ಕೆ ಮನುಷ್ಯನು ತೆತ್ತ ಬೆಲೆ ಅಲ್ಪವಲ್ಲ. ಜರ್ಮನಿಯ ಆಟೋ ಲಿಲಿಯೆಂಥಾಲನು ತನ್ನ ಗ್ಲೈಡರುಗಳಲ್ಲಿ ದೇಹದ ಭಾರವನ್ನು ಅತ್ತಿತ್ತ ತೂಗಾಡಿಸುವುದರಿಂದಲೇ ದಿಕ್ಕನ್ನು ಸರಿಪಡಿಸಿಕೊಳ್ಳುತ್ತಿದ್ದನು. 1896ರ ಆಗಸ್ಟಿನಲ್ಲಿ ಒಂದು ದಿನ ಆ ಉಪಾಯ ಸಾಲದೆ ಹೋಗಿ, ನೆಲಕ್ಕೆ ಬಿದ್ದು ಪ್ರಾಣ ಬಿಟ್ಟನು. ಅವನ ಅನುಭವವನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿದ ಅಮೆರಿಕದ ರೈಟ್ ಸಹೋದರರು 1902ರ ತಮ್ಮ ಗ್ಲೈಡರಿನಲ್ಲಿ ಓಲಾಟ, ಏರಿಳಿತ, ತಿರುವು ಎಂಬ ಮೂರು ಚಲನೆಗಳನ್ನೂ ಹತೋಟಿಗೆ ತಂದ ಮೇಲೆಯೇ, ಮರುವರ್ಷ ಎಂಜಿನ್ನಿನ ವಿಮಾನವನ್ನು ಹಾರಿಸಲು ಧೈರ್ಯ ಮಾಡಿದರು. ಮೊದಲು ನಿಯಂತ್ರಣ, ಆಮೇಲೆ ಬಲ ಎಂಬ ಈ ಕ್ರಮವನ್ನು ವಿಮಾನವಿದ್ಯೆ ಅಂದಿನಿಂದ ಇಂದಿನವರೆಗೂ ಮರೆತಿಲ್ಲ.

ನಮ್ಮ ನಾಡಿನ ನಂಟು

ಕನ್ನಡ ನಾಡಿಗೆ ಈ ವಿದ್ಯೆ ಹೊಸದಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರ ಉದ್ಯಮಶೀಲತೆಯೂ ಮೈಸೂರು ಸಂಸ್ಥಾನದ ಸಹಾಯವೂ ಕೂಡಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತಷ್ಟೆ. ಅದು ತನ್ನ ಮೊದಲ ವರ್ಷಗಳಲ್ಲಿಯೇ ಕೈಗೊಂಡ ಸ್ವತಂತ್ರ ರಚನೆಗಳಲ್ಲಿ, ಹತ್ತು ಮಂದಿ ಸೈನಿಕರನ್ನು ಹೊರುವುದಕ್ಕೆಂದು ಕಲ್ಪಿಸಿದ ಜಿ-1 ಎಂಬ ಗ್ಲೈಡರೂ ಒಂದು. ಜರ್ಮನಿಯ ಗಾಟಿಂಗೆನ್ನಿನಲ್ಲಿ ಪ್ರಾಂಟ್ಲ್ ಪಂಡಿತರ ಬಳಿ ವಾಯುಗತಿಶಾಸ್ತ್ರವನ್ನು ಕಲಿತು ಬಂದ ಡಾಕ್ಟರ್ ವಿಷ್ಣು ಮಾಧವ ಘಾಟಗೆಯವರು ಆ ಕಾಲದಲ್ಲಿ ಅಲ್ಲಿ ದುಡಿದರು. 1951ರಲ್ಲಿ ಹಾರಿದ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ರೂಪಿಸಿದವರೂ ಅವರೇ. ಯುದ್ಧಕಾಲದಲ್ಲಿ ಆ ಕಾರ್ಖಾನೆಗೆ ಬಂದ ಕೆಲಸದ ಬಹುಪಾಲು, ಹೊಸತನ್ನು ಕಟ್ಟುವುದಕ್ಕಿಂತ ಹಳತನ್ನು ರಿಪೇರಿ ಮಾಡುವುದು. ನೀರಿನ ಮೇಲಿಳಿಯುವ ಕೆಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿಳಿದು ಅಲ್ಲಿಗೆ ಚಿಕಿತ್ಸೆಗೆ ಬರುತ್ತಿದ್ದುವು. ಕಡಲಿನ ಉಪ್ಪುನೀರಿನಲ್ಲಿ ತೇಲಿ ಬದುಕುವ ವಿಮಾನಕ್ಕೆ ಲೋಹಕ್ಷಯವು ನಿತ್ಯದ ಶತ್ರು; ಬಟ್ಟೆ ಹೊದಿಸಿದ ಅದರ ಫಲಕಗಳನ್ನೂ ಕೀಲುಗಳನ್ನೂ ಬಿಚ್ಚಿ, ನೋಡಿ, ಸರಿಪಡಿಸಿ ಮತ್ತೆ ಕೂಡಿಸುವುದರಲ್ಲಿ ನಮ್ಮ ಕೆಲಸಗಾರರ ಕೈ ಪಳಗಿತು.

ಸ್ವಾತಂತ್ರ್ಯಾನಂತರ ದೆಹಲಿಯ ನಾಗರಿಕ ವಿಮಾನಯಾನ ಇಲಾಖೆಯಲ್ಲಿ ಎಸ್. ರಾಮಾಮೃತಂ ಅವರ ಮುಂದಾಳುತನದಲ್ಲಿ ಗ್ಲೈಡರುಗಳ ಒಂದು ವಂಶವೇ ಬೆಳೆಯಿತು. ಅಶ್ವಿನಿ, ಭರಣಿ, ಕಾರ್ತಿಕ, ರೋಹಿಣಿ, ಮೃಗಶಿರ ಎಂದು ಹೆಚ್ಚಾಗಿ ನಕ್ಷತ್ರಗಳ ಹೆಸರನ್ನೇ ಅವಕ್ಕಿಟ್ಟರು. ಇಬ್ಬರು ಮಗ್ಗುಲಮಗ್ಗುಲಾಗಿ ಕುಳಿತು ಕಲಿಯತಕ್ಕ ಮರದ ರೋಹಿಣಿ 1961ರಲ್ಲಿ ಮೊದಲು ಹಾರಿತು. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತನಿಗೆ ಈ ಹೆಸರುಗಳಲ್ಲಿ ಹೆಚ್ಚಿನವು ಮಳೆಗಳ ಹೆಸರು. ಭರಣಿಯಿಂದ ಮೃಗಶಿರೆಯವರೆಗೆ ಆಕಾಶವನ್ನು ನೋಡುತ್ತ ಕುಳಿತವನಿಗೆ, ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ಲೈಡರನ್ನು ಕಾಪಾಡುವವನು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ.

ಬಿಗಿತವೆಂಬುದು ಕಾರಣವಲ್ಲ, ಪರಿಣಾಮ

ಹಾರುವುದಕ್ಕೆ ಮುಂಚೆ, ಫಲಕಗಳನ್ನು ಆಡಿಸುವ ಕೈಗೋಲನ್ನು ಮೆಲ್ಲನೆ ನಾಲ್ಕು ದಿಕ್ಕಿಗೂ ಆಡಿಸಿ ನೋಡುವಾಗ, ಹಿಂದಿನ ತಿಂಗಳು ಸರಾಗವಾಗಿದ್ದ ಚಲನೆಯಲ್ಲಿ ಈಗ ಒಂದು ತಡೆ, ಒಂದು ಕಿರುಗುಟ್ಟುವಿಕೆ ಕಂಡುಬಂದಿತೆಂದುಕೊಳ್ಳೋಣ. ಸ್ವಲ್ಪ ಒತ್ತಿದರೆ ಅದು ಆಡುತ್ತದೆ. ಎರಡು ಹನಿ ಎಣ್ಣೆ ಬಿಟ್ಟರೆ ಇನ್ನೂ ಸುಲಭವಾಗಿ ಆಡುತ್ತದೆ. ಇಷ್ಟಕ್ಕೆ ತೃಪ್ತನಾಗುವವನು ವಿಮಾನದ ಹತ್ತಿರ ಸುಳಿಯಬಾರದು. ಬಿಗಿತವು ತಾನೇ ಒಂದು ದೋಷವಲ್ಲ. ಬೇರೆಲ್ಲಿಯೋ ಅಡಗಿರುವ ದೋಷದ ಪರಿಣಾಮ ಅದು. ಪರಿಣಾಮವನ್ನು ಎಣ್ಣೆಯಿಂದ ಮರೆಸಿದರೆ ಕಾರಣವು ಒಳಗೊಳಗೇ ಬೆಳೆಯುತ್ತದೆ, ಮತ್ತು ಮುಂದಿನ ಸಲ ಅದು ತಲೆದೋರುವುದು ನೆಲದ ಮೇಲಲ್ಲದೆ ಗಾಳಿಯಲ್ಲಿ ಇರಬಹುದು.

ಕಾರಣಗಳಲ್ಲಿ ಪ್ರಮುಖವಾದುದು ಲೋಹಕ್ಷಯ. ಕೀಲಿನ ಬೋಲ್ಟು ಉಕ್ಕಿನದಾಗಿದ್ದರೆ ಅದರ ಮೇಲಿನ ಕ್ಯಾಡ್ಮಿಯಮ್ ಲೇಪ ಸವೆದ ಕಡೆ ತೇವವೂ ಗಾಳಿಯೂ ಸೇರಿ ಕೆಂಪು ತುಕ್ಕನ್ನು ಹುಟ್ಟಿಸುತ್ತವೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿದ ಜಾಗವನ್ನು ಬೇಡುತ್ತದೆ. ಕೂದಲೆಳೆಯಷ್ಟೇ ಅವಕಾಶವಿಟ್ಟು ಕೂಡಿಸಿದ ಬೋಲ್ಟಿಗೂ ಅದರ ತೂತಿಗೂ ನಡುವೆ ಆ ಜಾಗವೆಲ್ಲಿಂದ ಬರಬೇಕು? ತುಕ್ಕೇ ಬೆಣೆಯಾಗಿ ಕೀಲನ್ನು ಹಿಡಿದುಬಿಡುತ್ತದೆ. ಅಲ್ಯೂಮಿನಿಯಮ್ಮಿನ ಕ್ಷಯವು ಬೇರೆ ಬಗೆಯದು. ಅದು ಬಿಳಿಯ ಹಿಟ್ಟಿನಂತೆ ಕಾಣಿಸಿಕೊಳ್ಳುತ್ತದೆ, ಬಣ್ಣದ ಕೆಳಗೆ ಗುಳ್ಳೆಗಳನ್ನು ಎಬ್ಬಿಸುತ್ತದೆ, ಮೇಲೆ ಚಿಕ್ಕ ಚುಕ್ಕೆಯಾಗಿ ತೋರಿ ಒಳಗೆ ಆಳವಾದ ಗುಳಿಯನ್ನು ಕೊರೆಯುತ್ತದೆ. ವಿಮಾನಕ್ಕೆ ಬಳಸುವ ಅಲ್ಯೂಮಿನಿಯಮ್ಮಿಗೆ ಬಲ ಬರಲೆಂದು ತಾಮ್ರವನ್ನು ಬೆರಸುತ್ತಾರೆ. ಬಲವನ್ನು ಕೊಟ್ಟ ಆ ತಾಮ್ರವೇ ಕ್ಷಯಕ್ಕೂ ಬಾಗಿಲು ತೆರೆಯುತ್ತದೆ. ಅದಕ್ಕೆಂದೇ ತಗಡಿನ ಎರಡು ಮೈಗೂ ಶುದ್ಧ ಅಲ್ಯೂಮಿನಿಯಮ್ಮಿನ ತೆಳುಪದರವನ್ನು ಹೊದಿಸುವ ಪದ್ಧತಿ ಬಂದಿದೆ.

ಇವೆರಡಕ್ಕಿಂತಲೂ ಕುಟಿಲವಾದುದು ಭಿನ್ನ ಲೋಹಗಳ ಸಂಗದಿಂದ ಹುಟ್ಟುವ ಕ್ಷಯ. ಅಲ್ಯೂಮಿನಿಯಮ್ಮಿನ ಹಿಡಿಕೆಯೊಳಗೆ ಉಕ್ಕಿನ ಬೋಲ್ಟು ಕುಳಿತು, ಅವೆರಡರ ನಡುವೆ ಒಂದು ಹನಿ ನೀರು ನಿಂತರೆ, ಅಲ್ಲಿ ಸಣ್ಣದೊಂದು ವಿದ್ಯುತ್ಕೋಶವೇ ಏರ್ಪಡುತ್ತದೆ. ವಿದ್ಯುತ್ತು ಹರಿಯುತ್ತಿರುವಷ್ಟು ಕಾಲ ಅಲ್ಯೂಮಿನಿಯಮ್ಮು ಕರಗುತ್ತಿರುತ್ತದೆ, ಉಕ್ಕು ಉಳಿಯುತ್ತದೆ. ಬೋಲ್ಟಿನ ತಲೆಯನ್ನು ನೋಡಿ ಎಲ್ಲವೂ ನೆಟ್ಟಗಿದೆಯೆಂದು ನಂಬುವವನಿಗೆ, ಅದು ಕುಳಿತಿರುವ ಗೂಡೇ ಸವೆದುಹೋಗಿರುವುದು ತಿಳಿಯುವುದಿಲ್ಲ.

ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದವರಿಗೆ ಈ ರಸಾಯನದ ಇನ್ನೊಂದು ಮುಖವನ್ನು ವಿವರಿಸುವುದು ಸುಲಭ. ಬೆಂಗಳೂರು–ಅರಸೀಕೆರೆ ರೈಲುದಾರಿಯಲ್ಲಿ ಹೋಗುವ ಪ್ರಯಾಣಿಕನು ತೆಂಗಿನ ತೋಟಗಳ ನಡುವೆ ಥಟ್ಟನೆ ಕಾಣುವ ಇಲ್ಲಿಯ ಸಿಮೆಂಟು ಕಾರ್ಖಾನೆಯನ್ನೂ ಅದರ ವಸತಿನೆಲೆಯಾದ ಆದಿತ್ಯಪಟ್ನವನ್ನೂ ಗುರುತಿಸದೆ ಇರಲಾರ. ಸಿಮೆಂಟಿನಲ್ಲಿ ಅಡಗಿಸಿದ ಉಕ್ಕಿನ ಸರಳು ದಶಕಗಳ ಕಾಲ ತುಕ್ಕು ಹಿಡಿಯದಿರುವುದು ಸಿಮೆಂಟಿನ ಕ್ಷಾರಗುಣದಿಂದ. ಆ ಕ್ಷಾರದಲ್ಲಿ ಉಕ್ಕಿನ ಮೈಮೇಲೆ ರಕ್ಷಕವಾದ ತೆಳುಪೊರೆಯೊಂದು ನಿಲ್ಲುತ್ತದೆ. ಆದರೆ ಅದೇ ಕ್ಷಾರವು ಅಲ್ಯೂಮಿನಿಯಮ್ಮನ್ನು ಕಾಯುವ ಸಹಜವಾದ ಪೊರೆಯನ್ನು ಕರಗಿಸಿ, ಲೋಹವನ್ನೇ ತಿನ್ನತೊಡಗುತ್ತದೆ. ಒದ್ದೆ ಸಿಮೆಂಟು ತಾಗಿದ ಅಲ್ಯೂಮಿನಿಯಮ್ ಪಾತ್ರೆ ಕಂದಿ ಬೂದಿಬಣ್ಣಕ್ಕೆ ತಿರುಗುವುದನ್ನು ಮನೆ ಕಟ್ಟಿಸಿದವರು ಯಾರಾದರೂ ಕಂಡಿರಬಹುದು. ಒಂದಕ್ಕೆ ರಕ್ಷೆಯಾದದ್ದು ಇನ್ನೊಂದಕ್ಕೆ ವಿಷ. ಹೊಸ ಸಿಮೆಂಟು ನೆಲದ ಧೂಳು ಏಳುವ ಕೊಟ್ಟಿಗೆಯಲ್ಲಿ ಗ್ಲೈಡರನ್ನು ನಿಲ್ಲಿಸಿ, ಮಾಗಿಯ ಇಬ್ಬನಿಗೆ ಅದನ್ನು ನೆನೆಯಬಿಟ್ಟರೆ ಏನಾಗುವುದೆಂಬುದನ್ನು ಇದರಿಂದಲೇ ಊಹಿಸಬಹುದು. ಧೂಳು ಒಣಗಿದ್ದಾಗ ಸಾಧು. ತೇವ ಸೋಂಕಿದೊಡನೆ ಅದರ ಸ್ವಭಾವ ಬದಲಾಗುತ್ತದೆ. ಮುಚ್ಚಿದ ಟ್ರೈಲರಿನಲ್ಲಿಟ್ಟ ವಿಮಾನವೂ ಈ ಭಯದಿಂದ ಮುಕ್ತವಲ್ಲ. ಹಗಲಿನ ಸೆಕೆಯಲ್ಲಿ ಗಾಳಿ ಹೀರಿಕೊಂಡ ತೇವವು ಇರುಳಿನ ತಂಪಿಗೆ ಲೋಹದ ಮೇಲೆ ಹನಿಯಾಗಿ ಕುಳಿತುಕೊಳ್ಳುತ್ತದೆ.

ಮರದ ಗ್ಲೈಡರಿನ ಕಥೆಯಲ್ಲಿ ಲೋಹದೊಡನೆ ಮರವೂ ಪಾತ್ರ ವಹಿಸುತ್ತದೆ. ಫಲಕದ ತಳದಲ್ಲಿ ನೀರು ಹೊರಹೋಗಲೆಂದು ಬಿಟ್ಟ ಸಣ್ಣ ರಂಧ್ರಗಳು ಬಣ್ಣದಿಂದಲೋ ಕೆಸರಿನಿಂದಲೋ ಮುಚ್ಚಿಹೋದರೆ ನೀರು ಒಳಗೇ ನಿಲ್ಲುತ್ತದೆ, ಪ್ಲೈವುಡ್ಡು ಉಬ್ಬುತ್ತದೆ, ಹಾಲಿನ ಕೇಸೀನಿನಿಂದ ಮಾಡಿದ ಹಳೆಯ ಕಾಲದ ಅಂಟಾಗಿದ್ದರೆ ಅದು ಬೂಸಲು ಹಿಡಿದು ಸಡಿಲುತ್ತದೆ. ಉಬ್ಬಿ ಸೊಟ್ಟಗಾದ ಫಲಕವು ರೆಕ್ಕೆಯ ಅಂಚಿಗೆ ಉಜ್ಜಿದಾಗ, ನೋಡುವವನು ಕೀಲನ್ನು ದೂರುತ್ತಾನೆ; ತಪ್ಪು ಕೀಲಿನದಲ್ಲ.

ಕಾರಣವನ್ನು ಹುಡುಕುವ ಬಗೆ

ಪರೀಕ್ಷೆಗೆ ಒಂದು ಕ್ರಮವುಂಟು: ಮೊದಲು ಕಣ್ಣು, ಅನಂತರ ಕೈ, ಕೊನೆಯಲ್ಲಿ ಬಿಚ್ಚುವುದು. ಹಗಲಿನ ಬೆಳಕಿನಲ್ಲಿ, ದೀಪ ಮತ್ತು ಕೈಗನ್ನಡಿಗಳ ಸಹಾಯದಿಂದ, ಪ್ರತಿಯೊಂದು ಕೀಲಿನ ಸುತ್ತಲೂ ಕೆಂಪು ಅಥವಾ ಬಿಳಿಯ ಪುಡಿ, ಉಬ್ಬಿದ ಬಣ್ಣ, ಸೀಳು, ಕಪ್ಪಾದ ಜಿಡ್ಡಿನ ಗೆರೆ ಇವೆಯೇ ಎಂದು ನೋಡಬೇಕು. ಬಳಿಕ ಫಲಕವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಆಡಿಸುತ್ತ, ತಡೆಯು ಎಲ್ಲಿ ಹುಟ್ಟಿ ಎಲ್ಲಿ ಸಾಯುತ್ತದೆಯೆಂಬುದನ್ನು ಗಮನಿಸಬೇಕು. ಚಲನೆಯುದ್ದಕ್ಕೂ ಒಂದೇ ಸಮನಾಗಿ ಬಿಗಿಯಿದ್ದರೆ ಒಣಗಿದ ಗ್ರೀಸನ್ನೋ ತುಕ್ಕು ಹಿಡಿದ ಬೇರಿಂಗನ್ನೋ ಶಂಕಿಸಬಹುದು. ಒಂದೇ ಸ್ಥಳದಲ್ಲಿ ತಡೆದರೆ ಬಾಗಿದ ಸರಳು, ಅಥವಾ ಯಾವುದೋ ಎರಡು ಭಾಗಗಳ ಉಜ್ಜಾಟ. ನೆಲದ ಮೇಲೆ ಸರಾಗವಾಗಿದ್ದು ಹಾರುವಾಗ ಮಾತ್ರ ಬಿಗಿಯಾದರೆ ರೆಕ್ಕೆಯ ಬಾಗುವಿಕೆಯ ಕಡೆಗೆ ಮನಸ್ಸು ಹೋಗಬೇಕು. ಏಕೆಂದರೆ ಗಾಳಿಯಲ್ಲಿ ಗ್ಲೈಡರಿನ ನೀಳವಾದ ರೆಕ್ಕೆ ಮೇಲಕ್ಕೆ ಬಾಗುತ್ತದೆ, ಅದರೊಡನೆ ಏಲರಾನಿನ ಕೀಲುಗಳೆಲ್ಲ ನಿಂತಿದ್ದ ಒಂದೇ ರೇಖೆಯೂ ಬಾಗುತ್ತದೆ, ಒಂದು ಕೀಲು ಮೊದಲೇ ಅತ್ತಿತ್ತ ಸರಿದಿದ್ದರೆ ಆ ಬಾಗುವಿಕೆಯಲ್ಲಿ ಅದು ಕಚ್ಚಿಕೊಳ್ಳುತ್ತದೆ.

ಮೂರನೆಯ ಹಂತ ವಿಭಜನೆ. ಕೈಗೋಲಿನಿಂದ ಫಲಕದವರೆಗೆ ಸರಳುಗಳು, ಕೇಬಲ್ಲುಗಳು, ರಾಟೆಗಳು, ಚಲನೆಯ ದಿಕ್ಕನ್ನು ತಿರುಗಿಸುವ ಬೆಲ್‌ಕ್ರ್ಯಾಂಕುಗಳು ಸಾಲುಗೂಡಿವೆ. ಈ ಸಾಲನ್ನು ಫಲಕದ ಬಳಿ ಕಳಚಿದಾಗ ಫಲಕ ಮಾತ್ರ ಕೈಗೆ ಹಗುರವಾಗಿ ಆಡಿದರೆ ದೋಷವು ಒಳಗಿನ ಸಾಲಿನಲ್ಲಿದೆ. ಫಲಕವೇ ತಡೆದರೆ ದೋಷವು ಕೀಲಿನಲ್ಲಿಯೋ ಫಲಕದಲ್ಲಿಯೋ ಇದೆ. ಹೀಗೆ ಒಂದೊಂದೇ ಗಂಟನ್ನು ಬಿಡಿಸುತ್ತ ಹೋದರೆ ಕಾರಣವು ತಾನಾಗಿಯೇ ಹೊರಬೀಳುತ್ತದೆ. ಕೈಯ ಅಂದಾಜನ್ನು ನೆಚ್ಚದೆ, ಸ್ಪ್ರಿಂಗ್ ತಕ್ಕಡಿಯನ್ನು ಕಟ್ಟಿ ಎಳೆದು, ಚಲನೆಗೆ ಬೇಕಾದ ಬಲವನ್ನು ಬರೆದಿಡುವುದು ಉತ್ತಮ. ದುರಸ್ತಿಯಾದ ಮೇಲೆ ಅದೇ ಅಳತೆಯನ್ನು ಮತ್ತೆ ಮಾಡಿ ಹೋಲಿಸಿದರೆ, ಸರಿಹೋಯಿತೆಂಬುದು ನಂಬಿಕೆಯಾಗಿ ಉಳಿಯದೆ ಪ್ರಮಾಣವಾಗುತ್ತದೆ.

ಕೇಬಲ್ಲಿನ ರಾಟೆಗಳಿಗೆ ವಿಶೇಷವಾದ ಗಮನ ಬೇಕು. ನಮ್ಮ ತೋಟಗಳ ಹಳೆಯ ಬಾವಿಯ ರಾಟೆ ಅಚ್ಚಿಗೆ ಕಚ್ಚಿಕೊಂಡು ತಿರುಗದೆ ಹೋದರೆ, ಹಗ್ಗವು ಒಂದೇ ಕಡೆ ಉಜ್ಜಿ ರಾಟೆಯಲ್ಲಿ ತೋಡನ್ನು ಕೊರೆದು ತಾನೂ ಜುಂಜು ಜುಂಜಾಗಿ ಹರಿಯುತ್ತದೆಯಲ್ಲವೆ? ವಿಮಾನದ ರಾಟೆಯಲ್ಲಿಯೂ ಅದೇ ಆಗುತ್ತದೆ. ಉಕ್ಕಿನ ಕೇಬಲ್ಲು ಅನೇಕ ಸಣ್ಣ ತಂತಿಗಳನ್ನು ಹೊಸೆದು ಮಾಡಿದ್ದು. ಬಟ್ಟೆಯ ತುಂಡನ್ನು ಸುತ್ತಿ ಅದರುದ್ದಕ್ಕೂ ಸವರಿದರೆ ಮುರಿದ ತಂತಿಯ ಮೊನೆ ಬಟ್ಟೆಯ ನೂಲನ್ನು ಹಿಡಿದು ತನ್ನ ಇರವನ್ನು ತಿಳಿಸುತ್ತದೆ. ಬರಿಗೈಯಿಂದ ಸವರುವುದು ಅಪಾಯ. ಉಕ್ಕಿನ ಕೊಳವೆಯಿಂದ ಮಾಡಿದ ಸರಳುಗಳ ಕ್ಷಯವು ಒಳಗಡೆಯಿಂದ ಆರಂಭವಾಗಬಹುದು; ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಗೋಡೆ ತೆಳುವಾಗಿರುತ್ತದೆ.

ಸರಿಪಡಿಸುವ ಬಗೆ

ಕಾರಣ ತಿಳಿದ ಮೇಲೆ ಕೈ ಅವಸರಪಡಬಾರದು. ಹಿಡಿದ ಬೋಲ್ಟನ್ನು ಸುತ್ತಿಗೆಯಿಂದ ಹೊಡೆದು ತೆಗೆದರೆ ಕೀಲಿನ ತೂತು ಅಗಲವಾಗುತ್ತದೆ. ನುಗ್ಗುವ ಎಣ್ಣೆಯನ್ನು ಬಿಟ್ಟು, ನೆನೆಯಲು ಕಾಲ ಕೊಟ್ಟು, ಅಳತೆಗೆ ತಕ್ಕ ಉಪಕರಣದಿಂದ ಒತ್ತಿ ತೆಗೆಯಬೇಕು. ಆ ಎಣ್ಣೆಯು ಬಿಚ್ಚುವುದಕ್ಕೆ ಸಾಧನ, ಚಿಕಿತ್ಸೆಯಲ್ಲ. ಮುಚ್ಚಿದ ಬೇರಿಂಗಿನೊಳಗೆ ಅದು ಹೊಕ್ಕರೆ ಅಲ್ಲಿಯ ಗ್ರೀಸನ್ನು ತೊಳೆದುಹಾಕುತ್ತದೆ. ಹೊರಗುಳಿದರೆ ಧೂಳನ್ನು ಹಿಡಿದು ಸಾಣೆಯ ಹಿಟ್ಟಾಗಿ ಲೋಹವನ್ನು ತೇಯುತ್ತದೆ. ಮರಕ್ಕೆ ಇಳಿದರೆ ಮುಂದೆ ಅಲ್ಲಿ ಅಂಟು ಹಿಡಿಯುವುದಿಲ್ಲ.

ಅಲ್ಯೂಮಿನಿಯಮ್ಮಿನ ಕ್ಷಯವನ್ನು ಕೆರೆಯುವಾಗ ಉಕ್ಕಿನ ನಾರನ್ನಾಗಲಿ ಉಕ್ಕಿನ ಬ್ರಷ್ಷನ್ನಾಗಲಿ ಬಳಸುವುದು ದೊಡ್ಡ ತಪ್ಪು. ಅದರ ಕಣಗಳು ಮೆದುಲೋಹದಲ್ಲಿ ನಾಟಿಕೊಂಡು, ಹೊಸ ಕ್ಷಯಕ್ಕೆ ಬೀಜವಾಗುತ್ತವೆ. ನೈಲಾನಿನ ಉಜ್ಜುವ ಪಟ್ಟಿ ಅಥವಾ ಅಲ್ಯೂಮಿನಿಯಮ್ ಆಕ್ಸೈಡಿನ ಉಪ್ಪುಕಾಗದದಿಂದ, ರಕ್ಷಕವಾದ ಶುದ್ಧಪದರವು ಆದಷ್ಟು ಉಳಿಯುವಂತೆ, ಬಿಳಿಪುಡಿ ಪೂರ್ತಿ ಹೋಗುವವರೆಗೆ ಉಜ್ಜಬೇಕು. ಆಮೇಲೆ ಉಳಿದ ದಪ್ಪವನ್ನು ಅಳೆದು, ತಯಾರಕರ ಕೈಪಿಡಿ ವಿಧಿಸಿದ ಮಿತಿಯೊಳಗಿದೆಯೇ ಎಂದು ನೋಡಬೇಕು. ಇದ್ದರೆ ರಾಸಾಯನಿಕ ಲೇಪನ, ಅದರ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ. ಇಲ್ಲದಿದ್ದರೆ ಆ ಭಾಗವನ್ನೇ ಬದಲಾಯಿಸಬೇಕು. ಗುಳಿ ಬಿದ್ದ ಬೋಲ್ಟು, ಗರಗರ ಎನ್ನುವ ಬೇರಿಂಗು, ಒಳಗೆ ತುಕ್ಕು ತಿಂದ ಸರಳು, ತಂತಿ ಮುರಿದ ಕೇಬಲ್ಲು ಇವುಗಳಿಗೆ ದುರಸ್ತಿಯೆಂಬುದಿಲ್ಲ. ಬೋಲ್ಟನ್ನು ಮರಳಿ ಕೂಡಿಸುವಾಗ ಭಿನ್ನ ಲೋಹಗಳ ನಡುವೆ ನೀರು ನುಗ್ಗದಂತೆ ರಕ್ಷಕ ಲೇಪವನ್ನು ಹಚ್ಚಬೇಕು. ನಟ್ಟು ಸಡಿಲದಂತೆ ತಡೆಯುವ ಕಾಟರ್ ಪಿನ್ನನ್ನು ಒಮ್ಮೆ ಬಿಚ್ಚಿದ ಮೇಲೆ ನೆಟ್ಟಗೆ ಮಾಡಿ ಮತ್ತೆ ಹಾಕತಕ್ಕದ್ದಲ್ಲ. ಬಗ್ಗಿ ದಣಿದ ಲೋಹದ ಮೇಲೆ ಪ್ರಾಣದ ಭಾರವನ್ನು ಹೊರಿಸಬಾರದು.

ಇಷ್ಟೆಲ್ಲ ಮಾಡಿದ ಮೇಲೆಯೂ ಸಾಮಾನ್ಯರ ಕಣ್ಣಿಗೆ ಬೀಳದ ಅಪಾಯವೊಂದು ಉಳಿದಿರುತ್ತದೆ. ಫಲಕದ ಭಾರವು ಕೀಲಿನ ಹಿಂದಕ್ಕೆ ಹೆಚ್ಚಾಗಿ ಬಿದ್ದರೆ, ಒಂದು ನಿರ್ದಿಷ್ಟ ವೇಗವನ್ನು ದಾಟಿದೊಡನೆ ಫಲಕವೂ ರೆಕ್ಕೆಯೂ ಒಂದನ್ನೊಂದು ಕೆಣಕಿ ಕಂಪಿಸತೊಡಗುತ್ತವೆ. ಫ್ಲಟರ್ ಎಂಬ ಆ ಕಂಪನವು ಕೆಲವೇ ಕ್ಷಣಗಳಲ್ಲಿ ರಚನೆಯನ್ನು ಛಿದ್ರಗೊಳಿಸಬಲ್ಲುದು. ಅನೇಕ ಗ್ಲೈಡರುಗಳಲ್ಲಿ ಕೀಲಿನ ಮುಂದೆ ಸೀಸದ ತೂಕವನ್ನು ಇಟ್ಟಿರುವುದು ಇದನ್ನು ತಪ್ಪಿಸುವುದಕ್ಕಾಗಿ. ಹೀಗಿರುವಾಗ ಫಲಕದ ಹಿಂಬದಿಯ ಅಂಚಿನ ಮೇಲೆ ಒಂದು ತೇಪೆ, ಅದರ ಮೇಲೆ ಅಂದಕ್ಕೆಂದು ಬಳಿದ ಇನ್ನೊಂದು ಕೈ ಬಣ್ಣ ಎಷ್ಟು ಭಾರವಾದೀತೆಂದು ಉದಾಸೀನ ಮಾಡುವಂತಿಲ್ಲ. ದುರಸ್ತಿಯಾದ ಫಲಕವನ್ನು ಕಳಚಿ ತೂಗಿ, ಕೀಲಿನ ರೇಖೆಯ ಮೇಲೆ ಅದರ ಸಮತೋಲವನ್ನು ಅಳೆದು, ಕೈಪಿಡಿಯ ಮಿತಿಯೊಡನೆ ಹೋಲಿಸಿದ ಮೇಲೆಯೇ ಅದನ್ನು ವಿಮಾನಕ್ಕೆ ಸೇರಿಸಬೇಕು.

ಕೊನೆಯ ಪರೀಕ್ಷೆ ಎರಡು ಜೊತೆ ಕಣ್ಣುಗಳದು. ಕೈಗೋಲನ್ನು ಬಲಕ್ಕೆ ಒತ್ತಿದಾಗ ಬಲ ಏಲರಾನ್ ಮೇಲಕ್ಕೂ ಎಡದ್ದು ಕೆಳಕ್ಕೂ ಹೋಗುತ್ತದೆಯೇ? ಎಳೆದಾಗ ಎಲಿವೇಟರ್ ಏಳುತ್ತದೆಯೇ? ಕೇಬಲ್ಲುಗಳು ಅದಲುಬದಲಾಗಿ ಕೂಡಿ, ಚಲನೆ ತಿರುವುಮುರುವಾಗಿದ್ದು ಜೀವಹಾನಿಯಾದ ಪ್ರಸಂಗಗಳು ವಿಮಾನಚರಿತ್ರೆಯಲ್ಲಿ ಉಂಟು. ಆದುದರಿಂದ ಕೆಲಸ ಮಾಡಿದವನಲ್ಲದೆ ಅಧಿಕಾರವುಳ್ಳ ಇನ್ನೊಬ್ಬನೂ ಸ್ವತಂತ್ರವಾಗಿ ನೋಡಿ ಸಹಿ ಹಾಕಬೇಕೆಂಬುದು ವಿಮಾನಯಾನದ ನಿಯಮ. ಒಬ್ಬನು ಫಲಕವನ್ನು ಕೈಯಿಂದ ತಡೆಹಿಡಿದು ನಿಲ್ಲುವುದು, ಇನ್ನೊಬ್ಬನು ಒಳಗೆ ಕುಳಿತು ಕೈಗೋಲನ್ನು ಮೆಲ್ಲನೆ ಒತ್ತುವುದು. ಸಾಲಿನಲ್ಲಿ ಕೂಡದ ಗಂಟೊಂದು ಉಳಿದಿದ್ದರೆ ಆ ಒತ್ತಾಟದಲ್ಲಿ ಅದು ಬಯಲಾಗುತ್ತದೆ. ಈ ನಿಯಮದಲ್ಲಿ ಅವಿಶ್ವಾಸದ ಮಾತಿಲ್ಲ. ಮನುಷ್ಯನ ದೃಷ್ಟಿಗೆ ಮಿತಿಯಿದೆಯೆಂಬ ವಿನಯವು ಇಲ್ಲಿ ಶಾಸನದ ರೂಪವನ್ನು ತಾಳಿದೆ.

ನಮ್ಮ ಮಕ್ಕಳಿಗೆ ಇದೆಲ್ಲ ದೂರದ ವಿದ್ಯೆಯೆಂದು ತೋರುವ ಕಾಲ ಕಳೆಯಿತು. 2023ರ ಫೆಬ್ರುವರಿ 6ರಂದು ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆಗಳ ವಿಸ್ತಾರದಲ್ಲಿ, ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯ ಉತ್ತರಾಧಿಕಾರಿಯಾದ ಎಚ್‌ಎಎಲ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ಗ್ಲೈಡರಿಗೂ ಹೆಲಿಕಾಪ್ಟರಿಗೂ ರೂಪದಲ್ಲಿ ಹೋಲಿಕೆಯಿಲ್ಲ; ಆದರೆ ಅಲ್ಲಿಯೂ ಸರಳುಗಳಿವೆ, ಕೀಲುಗಳಿವೆ, ಬೇರಿಂಗುಗಳಿವೆ, ಅವುಗಳನ್ನು ನೆಚ್ಚಿಕೊಂಡ ಜೀವಗಳಿವೆ, ಲೋಹವನ್ನು ತಿನ್ನುವ ತೇವವಿದೆ. ತಿಪಟೂರಿನಲ್ಲಿಯೋ ತುರುವೇಕೆರೆಯಲ್ಲಿಯೋ ಐಟಿಐ ಕಲಿಯುವ ಹುಡುಗನಾಗಲಿ ಹುಡುಗಿಯಾಗಲಿ ಮುಂದೊಂದು ದಿನ ಅಂಥ ಕೀಲಿನ ಮುಂದೆ ನಿಲ್ಲಬಹುದು. ಆಗ ಅವರಿಗೆ ಯಂತ್ರಜ್ಞಾನದಷ್ಟೇ ಅಗತ್ಯವಾಗಿ ಬೇಕಾದುದು ಈ ಒಂದು ಶೀಲ: ತಡೆ ಕಂಡಲ್ಲಿ ಬಲವನ್ನು ಹಾಕದೆ ಕಾರಣವನ್ನು ಕೇಳುವುದು, ಕಾರಣ ತಿಳಿಯುವವರೆಗೆ ವಿಮಾನವನ್ನು ನೆಲದ ಮೇಲೆಯೇ ನಿಲ್ಲಿಸುವುದು, ಮೇಲಿನವರು ಅವಸರಪಡಿಸಿದರೂ, ತಾನು ಕಣ್ಣಾರೆ ನೋಡದುದಕ್ಕೆ ಸಹಿ ಹಾಕದಿರುವುದು. ಹಾರುವವನ ಧೈರ್ಯವನ್ನು ಲೋಕವು ಹೊಗಳುತ್ತದೆ, ಅದು ಯುಕ್ತವೇ. ಕೊಟ್ಟಿಗೆಯಲ್ಲಿ ನಿಂತು, ಯಾರೂ ನೋಡದ ಬೋಲ್ಟೊಂದನ್ನು ಹೊರತೆಗೆದು, ಇದು ಸಲ್ಲದು ಎಂದು ಬದಿಗಿಡುವವನ ಧೈರ್ಯವೂ ಅದಕ್ಕೆ ಕಡಮೆಯಾದುದಲ್ಲವೆಂದು ನಮ್ಮ ಶಾಲೆಗಳೂ ಕಾರ್ಖಾನೆಗಳೂ ಕಲಿಸಬೇಕು; ಹಾರುವವನು ಕ್ಷೇಮವಾಗಿ ಹಿಂದಿರುಗುವುದು ಆ ಧೈರ್ಯದಿಂದ.